ನುಣುಪುನೆಲವೂ ನಾಯಿಯ ನಡಿಗೆಯೂ

ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕ್ರಿ.ಶ. 949-50ರ ಆ ಶಾಸನವು ತಕ್ಕೋಲದ ಕದನವನ್ನು ಹೇಳುವುದರೊಡನೆ, ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿದುದನ್ನೂ ದಾಖಲಿಸಿದೆ. ಕಾಳಿಯು ಹೋರಾಡಿದುದು ಬೆಟ್ಟದ ಮಣ್ಣುಕಲ್ಲುಗಳ ಮೇಲೆ. ನಾಯಿಯ ಪಾದಕ್ಕೆ ಒಗ್ಗುವುದೂ ಅಂತಹ ನೆಲವೇ.

ಮನೆಯ ನೆಲವಾದರೋ ಬದಲಾಗುತ್ತ ಬಂದಿದೆ. ಸಗಣಿ ಸಾರಿಸಿದ ನೆಲದ ಎಡೆಯಲ್ಲಿ ಕೆಂಪು ಸಿಮೆಂಟು, ಮೊಸಾಯಿಕ್, ಹೊಳಪಿನ ಗ್ರಾನೈಟು, ವಿಟ್ರಿಫೈಡ್ ಟೈಲ್ಸುಗಳು ಬಂದಿವೆ. ನಮ್ಮ ಮನೆಯಲ್ಲಿ ಹೊಸ ಟೈಲ್ಸು ಹಾಸಿದ ತರುವಾಯ, 11 ವರ್ಷದ ನಾಯಿಯು ಹಜಾರವನ್ನು ದಾಟಲು ಅಂಜಿ ಹೊಸ್ತಿಲಲ್ಲಿಯೇ ನಿಲ್ಲತೊಡಗಿತು. ಮುಪ್ಪೇ ಇದಕ್ಕೆ ಕಾರಣವೆಂದು ನಾವು ಬಹುಕಾಲ ತಿಳಿದಿದ್ದೆವು. ಅದು ಅರೆಸತ್ಯವಷ್ಟೇ ಆಗಿತ್ತು.

ನಾಯಿಯು ಬೆರಳುಗಳ ಮೇಲೆ ನಡೆಯುವ ಪ್ರಾಣಿ; ಅದರ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಪ್ರತಿಯೊಂದು ಪಾದದಲ್ಲಿಯೂ ನಾಲ್ಕು ಬೆರಳುಮೆತ್ತೆಗಳೂ ಅವುಗಳ ಹಿಂದಣ ಒಂದು ದೊಡ್ಡ ಮೆತ್ತೆಯೂ ದೇಹದ ಭಾರವನ್ನು ಹೊರುತ್ತವೆ. ಮೆತ್ತೆಯ ದಪ್ಪಚರ್ಮದ ಮೇಲಣ ಸಣ್ಣ ಉಬ್ಬುಗಳು ನೆಲವನ್ನು ಹಿಡಿಯುತ್ತವೆ. ಒಳಗಿನ ಕೊಬ್ಬು ಪೆಟ್ಟನ್ನು ತಾಳಿಕೊಳ್ಳುತ್ತದೆ. ಮಣ್ಣಿನಲ್ಲಾದರೆ ಉಗುರೂ ಊರಿ ಆಸರೆ ಕೊಡುವುದು. ಟೈಲ್ಸಿನಲ್ಲಿ ಉಗುರು ಊರುವಂತಿಲ್ಲವಾದುದರಿಂದ ಮೆತ್ತೆಯ ಘರ್ಷಣೆಯೇ ಮುಖ್ಯ ಆಧಾರ.

ಈ ಆಧಾರವನ್ನು ಕೆಡಿಸುವ ಕಾರಣಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು, ಬೆರಳುಗಳ ನಡುವೆ ಬೆಳೆದು ಮೆತ್ತೆಯನ್ನು ಮುಚ್ಚುವ ಕೂದಲು. ಇದನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸತಕ್ಕದ್ದು. ಮೊಂಡುತುದಿಯ ಕತ್ತರಿ ಕ್ಷೇಮಕರ. ಎರಡನೆಯದು, ಉದ್ದನೆಯ ಉಗುರು. ನಾಯಿಯು ನಿಂತಿರುವಾಗಲೇ ಉಗುರು ನೆಲಕ್ಕೆ ಒತ್ತುತ್ತಿದ್ದರೆ ಬೆರಳು ಮೇಲಕ್ಕೆದ್ದು ಮೆತ್ತೆಯ ಹಿಡಿತ ತಪ್ಪುತ್ತದೆ. ಉಗುರಿನೊಳಗೆ ರಕ್ತನಾಳವೂ ನರವೂ ಇರುವುದರಿಂದ ತುಸುತುಸುವಾಗಿ ಕತ್ತರಿಸಬೇಕು. ಕಪ್ಪು ಉಗುರಿನಲ್ಲಿ ನಾಳವು ಹೊರಗೆ ಕಾಣದಾದುದರಿಂದ ಹೆಚ್ಚಿನ ಎಚ್ಚರಿಕೆ ಬೇಕು. ಮೂರನೆಯದು, ಒಣಗಿ ಗಡುಸಾದ ಅಥವಾ ಬಿರಿದ ಮೆತ್ತೆ. ಇದಕ್ಕೆ ನಾಯಿಗಳಿಗೆಂದೇ ತಯಾರಾದ ಮುಲಾಮನ್ನು ಮಲಗುವ ವೇಳೆಯಲ್ಲಿ ತೆಳುವಾಗಿ ಸವರಬಹುದು. ನಡೆಯುವ ಮುನ್ನ ಎಣ್ಣೆ ಸವರಿದರೆ ಜಾರುವಿಕೆ ಹೆಚ್ಚುವುದೇ ಹೊರತು ತಗ್ಗದು. ಅಡಗಿದ ತೇವವೂ ಕೇಡೇ. ಸ್ನಾನದ ಬಳಿಕ ಬೆರಳಸಂದುಗಳನ್ನು ಒರಸಬೇಕು.

ಪಾದದ ಆರೈಕೆಯೊಂದೇ ಸಾಲದು. ನಾಯಿಯ ಮಲಗುವೆಡೆಯಿಂದ ನೀರು, ಆಹಾರ, ಬಾಗಿಲುಗಳವರೆಗೆ ಜಾರದ ರಬ್ಬರಿನ ಚಾಪೆಗಳನ್ನು ಎಡೆಬಿಡದೆ ಹಾಸುವುದು ಲೇಸು. ನಡಿಗೆಯು ಇದ್ದಕ್ಕಿದ್ದಂತೆ ಕೆಟ್ಟರೆ, ಕುಂಟು ಕಾಣಿಸಿದರೆ, ಹಿಂಗಾಲು ಎಳೆದರೆ ಕೀಲು ಅಥವಾ ನರದ ರೋಗವಿರಬಹುದು. ಪಶುವೈದ್ಯರಿಗೆ ತೋರಿಸಲು ತಡಮಾಡಬಾರದು.

ಜಾರುವ ಭಯದಿಂದ ನಡೆಯದೆ ಕುಳಿತ ನಾಯಿಯ ಸ್ನಾಯುಗಳು ಸೊರಗುತ್ತವೆ. ಸೊರಗಿದ ಕಾಲು ಮತ್ತಷ್ಟು ಜಾರುತ್ತದೆ. ಮುದಿನಾಯಿಗೆ ಇದರಿಂದ ಮೇಲೇಳುವುದೇ ಅಸಾಧ್ಯವಾಗಬಹುದು. ನಮ್ಮ ನಾಯಿಯ ಕೂದಲನ್ನೂ ಉಗುರನ್ನೂ ಸವರಿ ಚಾಪೆ ಹಾಸಿದ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಹಜಾರವನ್ನು ದಾಟಿ ಜಗಲಿಗೆ ಬಂದಿತು. ಮುಪ್ಪನ್ನು ನೀಗಲು ನಮ್ಮಿಂದಾಗದು. ಆದರೆ ನೆಲವನ್ನು ಬದಲಿಸಿದವರು ನಾವಾದುದರಿಂದ, ಅದರ ಮೇಲೆ ನಾಯಿಯು ನಿರ್ಭಯವಾಗಿ ನಡೆಯುವಂತೆ ಮಾಡುವುದು ನಮ್ಮದೇ ಹೊಣೆ.