ಬಿಲ್ಲಿಗೊಪ್ಪುವ ಅಂಬು

ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರಿಗೆ ಪಂಪನು ದೂರದ ಕವಿಯಲ್ಲ. ಅವನು ಕ್ರಿ.ಶ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದುದು ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ. ಆ ಅರಸುಮನೆತನದ ನೆಲೆಯಾಗಿದ್ದ ವೇಮುಲವಾಡ ಇಂದಿನ ತೆಲಂಗಾಣದಲ್ಲಿಯೇ ಇದೆ. ಆಶ್ರಯದಾತನನ್ನು ಅರ್ಜುನನೊಡನೆ ಒಂದಾಗಿಸಿ ಬರೆದ ಆ ಕಾವ್ಯದಲ್ಲಿ ಬಿಲ್ಲಿನ ಮಾತು ಬಾರದೆ ಹೋಗುವುದುಂಟೆ? ಹೆದೆ, ಕೊಪ್ಪು, ಸರಲು, ಕಣೆ, ಹಿಳುಕು ಮೊದಲಾದ ಶಬ್ದಗಳು ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಮೇಲಿಂದ ಮೇಲೆ ಎದುರಾಗುತ್ತವೆ. ನಾವಾದರೋ ನಿಘಂಟನ್ನು ತೆರೆದು, ಇವುಗಳಲ್ಲಿ ಅರ್ಧಕ್ಕೆ 'ಬಾಣ' ಎಂಬ ಒಂದೇ ಅರ್ಥವನ್ನು ಕಂಡು, ತೃಪ್ತರಾಗಿ ಮುಂದೆ ಸಾಗುತ್ತೇವೆ. ಹಾಗೆ ಸಾಗುವಾಗ ಕೈಬಿಟ್ಟುಹೋಗುವುದು ಶಬ್ದವಲ್ಲ, ಒಂದು ವಿದ್ಯೆ. ಆ ವಿದ್ಯೆಯ ಒಂದು ಮುಖ್ಯ ಭಾಗ, ಬಿಲ್ಲಿಗೆ ಅಂಬನ್ನು ಹೊಂದಿಸುವುದು.

ಮೊದಲು ಒಂದು ಸರಳವಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಹೆದೆಯು ಬಿಲ್ಲಿನ ನಡುಗೆರೆಯಲ್ಲಿ ಚಲಿಸುತ್ತದೆ. ಆದರೆ ಹಳೆಯ ಮಾದರಿಯ ಬಿಲ್ಲಿನಲ್ಲಿ ಆ ನಡುಗೆರೆಯ ಮೇಲೆ ಬಿಲ್ಲಿನ ಹಿಡಿಯೇ ಅಡ್ಡವಾಗಿ ನಿಂತಿರುವುದರಿಂದ ಅಂಬು ಅದರ ಪಕ್ಕದಲ್ಲಿ ಒರಗಿರಬೇಕಾಗುತ್ತದೆ. ಪೂರ್ತಿಯಾಗಿ ಸೆಳೆದಾಗ ಗುರಿಯನ್ನೇ ನೋಡುತ್ತಿದ್ದ ಅಂಬು, ಹೆದೆಯು ಹಿಡಿಯ ಹತ್ತಿರಕ್ಕೆ ಮರಳುತ್ತಿರುವಂತೆ ಪಕ್ಕಕ್ಕೆ ಓರೆಯಾಗತಕ್ಕದ್ದು. ಹೀಗಿದ್ದೂ ಒಳ್ಳೆಯ ಬಿಲ್ಲುಗಾರನ ಅಂಬು ನೆಟ್ಟನೆ ಹೋಗಿ ಗುರಿಯನ್ನು ನಾಟುವುದು ಹೇಗೆ?

ಇದಕ್ಕೆ ಕಣ್ಣಿಗೆ ಕಾಣುವ ಉತ್ತರ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕೆಯ ಹಿಕ್‌ಮನ್, ಕ್ಲಾಪ್‌ಸ್ಟೆಗ್ ಮುಂತಾದ ವಿಜ್ಞಾನಿಗಳು ಬಿಲ್ಲನ್ನು ಅಭ್ಯಸಿಸಿದರು. ಅತಿವೇಗದ ಛಾಯಾಚಿತ್ರಗಳಲ್ಲಿ ಅಂಬು ಬಿಲ್ಲನ್ನು ಬಿಡುವ ಕ್ಷಣವು ಸೆರೆಯಾಯಿತು. ನೇರವಾದ ಅಂಬೆಂದು ನಾವು ಹೊಗಳುವ ವಸ್ತು ಆ ಕ್ಷಣದಲ್ಲಿ ನೇರವಾಗಿರುವುದೇ ಇಲ್ಲ! ಹಿಂದಿನಿಂದ ಹೆದೆಯು ತಳ್ಳುವ ರಭಸಕ್ಕೆ ಕೋಲು ಮೊದಲು ಒಂದು ಕಡೆಗೆ ಬಾಗುತ್ತದೆ. ಬಳಿಕ ಪುಟಿದು ಇನ್ನೊಂದು ಕಡೆಗೆ ಬಾಗಿ, ಹಿಡಿಯನ್ನು ಬಳಸಿಕೊಂಡು, ಹಿಳುಕು ಅದಕ್ಕೆ ತಗಲದಂತೆ ನುಸುಳಿಹೋಗುತ್ತದೆ. ಇದೆಲ್ಲವೂ ಒಂದು ಸೆಕೆಂಡಿನ ಕೆಲವೇ ಶತಾಂಶಗಳಲ್ಲಿ ಮುಗಿಯುತ್ತದೆ. ಆಮೇಲೆ ಅಂಬು ಮೀನಿನಂತೆ ಬಳುಕುತ್ತ, ಬಳುಕನ್ನು ಕಡಮೆಮಾಡಿಕೊಳ್ಳುತ್ತ, ಗುರಿಯ ಕಡೆಗೆ ಹರಿಯುತ್ತದೆ.

ಆದುದರಿಂದ ಅಂಬಿನ ಗುಣವು ಅದರ ನೇರತೆಯೊಂದರಲ್ಲಿಯೇ ಇಲ್ಲ. ಎಷ್ಟು ಬಾಗಬೇಕೋ ಅಷ್ಟೇ ಬಾಗುವುದರಲ್ಲಿದೆ. ಈ ಗುಣವನ್ನು ಇಲ್ಲಿ 'ಬಿಗುಪು' ಎಂದು ಕರೆಯುತ್ತೇನೆ. ಬಿಗುಪು ಹೆಚ್ಚಾದರೆ ಕೋಲು ಹಿಡಿಯನ್ನು ಬಳಸಲಾರದೆ ಅದಕ್ಕೆ ಬಡಿದು ಹೊರಕ್ಕೆ ಚಿಮ್ಮುತ್ತದೆ. ಕಡಮೆಯಾದರೆ ಅತಿಯಾಗಿ ಬಳುಕಿ ಎದುರು ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಬಿಗುಪು ಬೇಕೆಂಬುದನ್ನು ನಿರ್ಣಯಿಸುವುದು ಬಿಲ್ಲಿನ ಬಲ ಮತ್ತು ಅದರ ಹಿಡಿಯ ಅಗಲ. ಒಬ್ಬನ ಬಿಲ್ಲಿಗೆ ಚಿನ್ನದಂಥ ಅಂಬು ಇನ್ನೊಬ್ಬನ ಬಿಲ್ಲಿಗೆ ಹುಲ್ಲುಕಡ್ಡಿಯಾಗುವುದು ಈ ಕಾರಣದಿಂದಲೇ. ಅರ್ಜುನನ ಅಕ್ಷಯತೂಣೀರದ ವಿಷಯದಲ್ಲಿ ನನಗೆ ಬೆರಗುಂಟುಮಾಡುವುದು ಅಂಬುಗಳು ಮುಗಿಯದಿದ್ದುದಲ್ಲ. ಅವೆಲ್ಲವೂ ಗಾಂಡೀವಕ್ಕೇ ಒಪ್ಪುವಂತಿದ್ದುದು.

ಬಿಗುಪನ್ನು ಅಳೆಯುವುದು ಕಷ್ಟವಲ್ಲ. ಎರಡು ಮೊಳೆಗಳನ್ನು 26 ಅಂಗುಲ ಅಂತರದಲ್ಲಿ ಒಂದೇ ಮಟ್ಟಕ್ಕೆ ಹೊಡೆದು, ಗರಿಯಿಲ್ಲದ ಕೋಲನ್ನು ಅವುಗಳ ಮೇಲಿಟ್ಟು, ನಟ್ಟನಡುವೆ 2 ಪೌಂಡು ತೂಕವನ್ನು ತೂಗಿಬಿಡಬೇಕು. ಕೋಲು ಎಷ್ಟು ಅಂಗುಲ ತಗ್ಗಿತೋ ಆ ಸಂಖ್ಯೆಯಿಂದ 26ನ್ನು ಭಾಗಿಸಿದರೆ ಬರುವ ಲಬ್ಧವು, ಸ್ಥೂಲವಾಗಿ, ಆ ಕೋಲು ಎಷ್ಟು ಪೌಂಡು ಬಲದ ಬಿಲ್ಲಿಗೆ ತಕ್ಕುದೆಂಬುದನ್ನು ಸೂಚಿಸುತ್ತದೆ. ಅರ್ಧ ಅಂಗುಲ ತಗ್ಗಿದರೆ 52. ಮುಕ್ಕಾಲು ಅಂಗುಲ ತಗ್ಗಿದರೆ ಸುಮಾರು 35. ಇದು ಪಾಶ್ಚಾತ್ಯ ಮರಗೋಲುಗಳಿಗಾಗಿ ಹುಟ್ಟಿದ ಲೆಕ್ಕ. ನಮ್ಮ ಬಿದಿರಿನ ಕೋಲಿಗೆ ಗಿಣ್ಣುಗಳುಂಟು, ಬುಡ-ತುದಿಗಳ ವ್ಯತ್ಯಾಸವುಂಟು. ಆದಕಾರಣ ಕೋಲನ್ನು ಹೊರಳಿಸಿ ಎರಡು ಮೂರು ಮಗ್ಗುಲುಗಳಲ್ಲಿ ಅಳೆದು ನೋಡುವುದು ಲೇಸು.

ದಪ್ಪದಲ್ಲಿ ಆಗುವ ಚಿಕ್ಕ ಬದಲಾವಣೆಯೂ ಇಲ್ಲಿ ದೊಡ್ಡದಾಗುತ್ತದೆ. ಗಟ್ಟಿಕೋಲಿನ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಹತ್ತರಲ್ಲೊಂದು ಪಾಲು ತೆಳುವಾಗಿಸಿದರೆ ಬಿಗುಪು ಮೂರರಲ್ಲೊಂದು ಪಾಲಿನಷ್ಟು ಇಳಿದುಹೋಗುತ್ತದೆ. ಇದನ್ನು ತಿಳಿದ ಮೇಲೆ ನಮ್ಮ ಧನುರ್ವೇದ ಗ್ರಂಥಗಳ ವಿಧಿಗಳು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ. ಹದಿನಾಲ್ಕನೆಯ ಶತಮಾನದ ಶಾರ್ಙ್ಗಧರಪದ್ಧತಿಯ ಧನುರ್ವೇದ ಭಾಗವು ಅಂಬಿನ ಕೋಲು ಬಲಿತಿರಬೇಕು, ಗಿಣ್ಣು ಒಡೆದಿರಬಾರದು, ಕಿರುಬೆರಳಿನ ದಪ್ಪವಿರಬೇಕು, ಎರಡು ಮೊಳಕ್ಕೆ ಒಂದು ಮುಷ್ಟಿ ಕಡಮೆ ಉದ್ದವಿರಬೇಕು ಎನ್ನುತ್ತದೆ. ಬಿಲ್ಲುಗಾರನ ಬೆರಳೇ, ಅವನ ಮೊಳವೇ ಅಳತೆಗೋಲಾದಾಗ ಅಂಬು ಅವನ ಸೆಳೆತದ ಉದ್ದಕ್ಕೂ ಬಲಕ್ಕೂ ಒಂದಿಷ್ಟು ತಾನಾಗಿಯೇ ಹೊಂದಿಕೊಳ್ಳುತ್ತದೆ. ಅದೇ ಗ್ರಂಥವು ಮುಂದುಗಡೆ ದಪ್ಪನಾದ ಅಂಬನ್ನು ಸ್ತ್ರೀ, ಹಿಂದುಗಡೆ ದಪ್ಪನಾದುದನ್ನು ಪುರುಷ, ಸಮನಾದುದನ್ನು ನಪುಂಸಕ ಎಂದು ವಿಂಗಡಿಸಿ, ಮೊದಲನೆಯದು ದೂರಕ್ಕೂ ಎರಡನೆಯದು ಭೇದನಕ್ಕೂ ಮೂರನೆಯದು ಲಕ್ಷ್ಯಕ್ಕೂ ಉಚಿತವೆನ್ನುತ್ತದೆ. ಈ ಹೆಸರುಗಳನ್ನು ಕಂಡು ನಗುವವರಿದ್ದಾರೆ. ಆದರೆ ಭಾರವು ಮುಂದಿದ್ದರೆ ಅಂಬು ಹಾರಾಟದಲ್ಲಿ ಬೇಗ ಸ್ಥಿಮಿತಕ್ಕೆ ಬರುವುದೆಂಬುದೂ, ಹಿಂಭಾಗ ಸಪೂರವಾಗಿದ್ದರೆ ಹಿಡಿಯನ್ನು ಸುಲಭವಾಗಿ ದಾಟುವುದೆಂಬುದೂ ಇಂದಿನ ಬಿಲ್ಲುಗಾರರು ಒಪ್ಪಿರುವ ವಿಷಯಗಳೇ. ಕೋಲು ಮಾಡಿದವನ ಅನುಭವವೇ ಇಲ್ಲಿ ಶ್ಲೋಕವಾಗಿದೆಯೆಂದು ನನ್ನ ಅಭಿಪ್ರಾಯ.

ಅಳತೆಯು ಆರಂಭ ಮಾತ್ರ, ನಿರ್ಣಯವಾಗುವುದು ಪ್ರಯೋಗದಲ್ಲಿ. ಗರಿಯು ಅಂಬಿನ ತಪ್ಪುಗಳನ್ನು ಮುಚ್ಚುವುದರಿಂದ ಗರಿಯಿಲ್ಲದ ಅಂಬನ್ನೇ ಮೊದಲು ಎಸೆದು ನೋಡಬೇಕು. ಹತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಮೆದೆಯನ್ನು ನಿಲ್ಲಿಸಿ, ಗರಿ ಕಟ್ಟಿದ ಮೂರು, ಕಟ್ಟದ ಮೂರು ಅಂಬುಗಳನ್ನು ಒಂದೇ ಗುರಿಗೆ ಬಿಡಬೇಕು. ಎಡಗೈಯಲ್ಲಿ ಬಿಲ್ಲು ಹಿಡಿದು, ಅಂಬನ್ನು ಬಿಲ್ಲಿನ ಎಡಪಕ್ಕದಲ್ಲಿಟ್ಟು, ಬೆರಳುಗಳಿಂದ ಹೆದೆಯನ್ನು ಸೆಳೆಯುವವನ ಬೋಳು ಅಂಬು ಗರಿಯಂಬಿನ ಎಡಕ್ಕೆ ಬಿದ್ದರೆ ಬಿಗುಪು ಹೆಚ್ಚು, ಬಲಕ್ಕೆ ಬಿದ್ದರೆ ಕಡಮೆ. ಹೆಚ್ಚಾಗಿದ್ದರೆ ಭಾರವಾದ ಅಲಗನ್ನು ತೊಡಿಸಬೇಕು, ಇಲ್ಲವೆ ಕೋಲನ್ನು ಸ್ವಲ್ಪ ಹೆರೆಯಬೇಕು. ಕಡಮೆಯಾಗಿದ್ದರೆ ಹಗುರವಾದ ಅಲಗು, ಇಲ್ಲವೆ ಉದ್ದದಲ್ಲಿ ಕಾಲಂಗುಲ ಕಾಲಂಗುಲವಾಗಿ ಕತ್ತರಿಸುವುದು. ಕತ್ತರಿಸಿದುದು ಮರಳಿ ಬೆಳೆಯದು. ನಾನು ಆತುರಪಟ್ಟು ಒಂದೇ ಸಲಕ್ಕೆ ಎರಡಂಗುಲ ಕತ್ತರಿಸಿ ಆರು ಒಳ್ಳೆಯ ಕೋಲುಗಳನ್ನು ಕೆಡಿಸಿದ್ದೇನೆ. ಸೂಕ್ಷ್ಮವಾದ ಹೊಂದಾಣಿಕೆಗೆ ಹೆದೆಯನ್ನು ಕೆಲವು ಸುತ್ತು ಹೊಸೆದರೂ ಸಾಕು: ಹಿಡಿಗೂ ಹೆದೆಗೂ ಇರುವ ಅಂತರ ಹೆಚ್ಚಿದಷ್ಟು ಅಂಬು ಓರೆಯಾಗುವ ಕೋನ ಕಿರಿದಾಗುತ್ತದೆ. ಇನ್ನು ಬೋಳು ಅಂಬಿನ ಹಿಂತುದಿ ಮೇಲೆದ್ದು ನಾಟಿದರೆ ಹೆದೆಯ ಮೇಲೆ ಕಚ್ಚು ಕೂಡುವ ತಾಣವನ್ನು ತುಸು ಕೆಳಗಿಳಿಸಬೇಕು. ಒಂದು ಎಚ್ಚರಿಕೆಯ ಮಾತು: ಪ್ರತಿ ಸಲವೂ ಕೋಲನ್ನು ಮೃದುವಾಗಿ ಬಾಗಿಸಿ, ಕಿವಿಗೊಟ್ಟು, ಸೀಳಿಲ್ಲವೆಂದು ಖಚಿತಮಾಡಿಕೊಳ್ಳಬೇಕು. ಸೀಳಿದ ಬಿದಿರು ಬಿಡುವಾಗ ಮುರಿದರೆ ಬಿಲ್ಲು ಹಿಡಿದ ಕೈಯನ್ನೇ ಹೊಗುತ್ತದೆ.

ಮೇಲೆ ಹೇಳಿದ ಎಡಬಲಗಳು ಬೆರಳಿನ ಸೆಳೆತಕ್ಕೆ ಸಂಬಂಧಿಸಿದವು. ಹೆಬ್ಬೆರಳಿನಿಂದ ಸೆಳೆಯುವವರಿಗೆ ಎಲ್ಲವೂ ತಿರುವುಮುರುವಾಗುತ್ತದೆ. ಅವರ ಅಂಬು ಬಿಲ್ಲಿನ ಬಲಪಕ್ಕದಲ್ಲಿ ಕೂಡುತ್ತದೆ. ತುರ್ಕರು, ಪಾರಸಿಕರು, ಮೊಗಲರು ಸೆಳೆಯುತ್ತಿದ್ದುದು ಹೀಗೆಯೇ. 1951ರಲ್ಲಿ ತೆರೆದ ನಮ್ಮ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಷಾಜಹಾನನ 'ಸಾಹಿಬ್-ಎ-ಕಿರಾನ್-ಎ-ಸಾನಿ' ಎಂಬ ಬಿರುದನ್ನು ಕೊರೆದಿರುವ ಹಸುರುಕಲ್ಲಿನ ಉಂಗುರವೊಂದಿದೆ. ನೋಡುವವರು ಅದನ್ನು ಆಭರಣವೆಂದೇ ಭಾವಿಸುತ್ತಾರೆ. ಅಂಥ ಉಂಗುರದ ಮೂಲ ಪ್ರಯೋಜನ ಹೆದೆಯು ಹೆಬ್ಬೆರಳನ್ನು ಕೊಯ್ಯದಂತೆ ಕಾಯುವುದು.

ಇಲ್ಲಿ ಏಕಲವ್ಯನ ನೆನಪಾಗದಿರದು. ಬಲಗೈಯ ಹೆಬ್ಬೆರಳನ್ನು ಕೊಟ್ಟ ಬಳಿಕ ಅವನು ಬೆರಳುಗಳಿಂದಲೇ ಬಾಣ ಬಿಟ್ಟನೆಂದೂ, ಮೊದಲಿನ ಶೀಘ್ರತೆ ಉಳಿಯಲಿಲ್ಲವೆಂದೂ ವ್ಯಾಸಭಾರತದ ಆದಿಪರ್ವವು ಹೇಳುತ್ತದೆ. ಬೆರಳು ಹೋದ ನೋವನ್ನಷ್ಟೇ ನಾವು ಸಾಮಾನ್ಯವಾಗಿ ಅಲ್ಲಿ ಓದುತ್ತೇವೆ. ಹೆದೆಯು ಹೆಬ್ಬೆರಳಿನಿಂದ ಜಾರುವಾಗ ಒಂದು ಪಕ್ಕಕ್ಕೆ ಸರಿದರೆ ಬೆರಳುಗಳಿಂದ ಜಾರುವಾಗ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಆದುದರಿಂದ ಏಕಲವ್ಯನು ಅಂಬನ್ನು ಬಿಲ್ಲಿನ ಮತ್ತೊಂದು ಮಗ್ಗುಲಿಗೆ ಮಾರ್ಪಡಿಸಬೇಕಾಗಿತ್ತು. ಬತ್ತಳಿಕೆಯ ಅಂಬುಗಳನ್ನೆಲ್ಲ ಹೊಸದಾಗಿ ಹೊಂದಿಸಬೇಕಾಗಿತ್ತು. ಗುರುವು ಕೇಳಿದುದು ಒಂದು ಬೆರಳನ್ನು, ಶಿಷ್ಯನು ಕಳೆದುಕೊಂಡುದು ವರ್ಷಗಳ ಹೊಂದಾಣಿಕೆಯನ್ನು.

ಗರಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕಂಕಪತ್ರವೆಂಬ ಹೆಸರೇ ಬಾಣಕ್ಕೆ ಗರಿಯಿಂದ ಬಂದುದು. ಶಾರ್ಙ್ಗಧರನು ಹದ್ದು, ನವಿಲು, ಹಂಸ ಮೊದಲಾದವನ್ನು ಹೆಸರಿಸಿ ಒಂದೊಂದು ಅಂಬಿಗೆ ಆರಂಗುಲದ ನಾಲ್ಕು ಗರಿಗಳನ್ನು ವಿಧಿಸುತ್ತಾನೆ. ಕೊಂಬಿನ ಬಿಲ್ಲಾದರೆ ಹತ್ತಂಗುಲ. ಬಿಲ್ಲು ಬದಲಾದರೆ ಗರಿಯೂ ಬದಲಾಗಬೇಕೆಂಬುದು ಅಲ್ಲಿಯೇ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನವಿರುವ ಇಂದು ಹದ್ದಿನ ಗರಿಯ ಮಾತಿಲ್ಲ; ಬಾತಿನ ಅಥವಾ ಟರ್ಕಿ ಕೋಳಿಯ ಗರಿ ಸಾಕು. ಆದರೆ ಒಂದು ಅಂಬಿನ ಗರಿಗಳೆಲ್ಲ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡ-ಬಲ ಬೆರಸಿದರೆ ಅಂಬಿನ ಸುತ್ತು ಕೆಡುತ್ತದೆ.

ಕೊನೆಗೆ ನಮ್ಮ ಹವೆಯ ಮಾತು. ಮರ, ಕೊಂಬು, ನರಗಳನ್ನು ಪ್ರಾಣಿಜನ್ಯ ಅಂಟಿನಿಂದ ಕೂಡಿಸಿದ ಬಿಲ್ಲು ಬೇಸಗೆಯಲ್ಲಿ ಉಕ್ಕಿನಂತಿದ್ದು, ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಬಿಲ್ಲು ಮೆತ್ತಗಾದರೆ ನಿನ್ನೆ ಒಪ್ಪಿದ್ದ ಅಂಬು ಇಂದು ಬಿಗುಪು ಹೆಚ್ಚಾದಂತೆ ನಡೆದುಕೊಳ್ಳುತ್ತದೆ. ಅಂಬನ್ನು ದೂಷಿಸಿ ಹೆರೆಯಲು ಕುಳಿತವನು ಕಾರ್ತಿಕದಲ್ಲಿ ಬಿಲ್ಲು ಒಣಗಿ ಬಲಗೊಂಡಾಗ ಮತ್ತೆ ಹೊಸ ಕೋಲುಗಳನ್ನು ಹುಡುಕಬೇಕಾಗುತ್ತದೆ. ಬಿದಿರಿನ ಬಿಲ್ಲಿಗೆ ಈ ಬಾಧೆ ಕಡಮೆ, ಇಲ್ಲವೇ ಇಲ್ಲವೆಂದಲ್ಲ. ಆಷಾಢದಲ್ಲಿ ಅಂಬುಗಳು ಪಕ್ಕಕ್ಕೆ ಸರಿಯತೊಡಗಿದರೆ ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬಿಲ್ಲನ್ನು ಒಲೆಯಿಂದ ದೂರವಾದ ಒಣ ಕೋಣೆಯಲ್ಲಿ, ಹೆದೆಯಿಳಿಸಿ, ಒಂದು ವಾರವಿಟ್ಟು ನೋಡಬೇಕು.