ಬಲಂ ಸೀಮೆಯ ಹಳೇ ಕೇಸು

ಜನವರಿಯಲ್ಲಿ ಸಕಲೇಶಪುರಕ್ಕೆ ಬಿಡುವೆಂಬುದಿಲ್ಲ. ಇಬ್ಬನಿ ಇನ್ನೂ ಸಿಲ್ವರ್ ಓಕ್ ಮರಗಳಿಂದ ತೊಟ್ಟಿಕ್ಕುತ್ತಿರುವಾಗಲೇ ಪಿಕಪ್ ಗಾಡಿಗಳು ಆಳುಗಳನ್ನು ತುಂಬಿಕೊಂಡು ತೋಟದ ದಾರಿ ಹಿಡಿಯುತ್ತವೆ. ಅರೇಬಿಕಾ ಕುಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಕೆಂಪಾಗುತ್ತಿರುತ್ತದೆ. ಕಣದಲ್ಲಿ ಇವತ್ತು ಹರಡಿದ ಹಣ್ಣು ಒಂದು ಬದಿಗೆ, ವಾರದ ಹಿಂದಿನದು ಒಣಗಿ ಕಪ್ಪಾಗಿ ಇನ್ನೊಂದು ಬದಿಗೆ. ಪಲ್ಪರ್‌ನಿಂದ ಹೊರಬಿದ್ದ ಸಿಪ್ಪೆಯ ಹುಳಿ ವಾಸನೆ ಹೆದ್ದಾರಿಯವರೆಗೂ ಬಂದು ಮೂಗಿಗೆ ಬಡಿಯುತ್ತದೆ. ಸಂಜೆ ತೂಕದ ಹೊತ್ತಿಗೆ ರೈಟರ್ ಪುಸ್ತಕ ಬಿಚ್ಚಿ ಒಬ್ಬೊಬ್ಬರದೇ ಹೆಸರು ಕೂಗುತ್ತಾನೆ, ಎದುರಿಗೆ ಕೆಜಿ ಬರೆಯುತ್ತಾನೆ. ತನ್ನ ಹೆಸರು ಬಿಟ್ಟುಹೋದರೆ ಎಂಥ ಮೆತ್ತಗಿನ ಹೆಂಗಸೂ ಸುಮ್ಮನಿರುವುದಿಲ್ಲ.

ಇದೇ ಜನವರಿಯಲ್ಲಿ, 1802ರಲ್ಲಿ, ಈ ಬೆಟ್ಟಗಳಿಗೆ ಬೇರೊಂದು ಕುಯ್ಲಿನವರು ಬಂದಿದ್ದರು. ಆಗ ಇಲ್ಲಿ ಸಾಲು ಸಾಲು ಕಾಫಿ ಗಿಡಗಳಿರಲಿಲ್ಲ. ದೊರೆಗಳ ತೋಟಗಳು ತಲೆಯೆತ್ತಲು ಇನ್ನೂ ನಾಲ್ಕು ದಶಕ ಬೇಕಿತ್ತು. ಇದ್ದದ್ದು ಕಾಡು, ಕಾಡಿನ ನಡುವೆ ಕೊರೆದಿಟ್ಟಂಥ ಗದ್ದೆಬಯಲು, ಬೇಲಿ ಕಟ್ಟಿಕೊಂಡ ಹಳ್ಳಿಗಳು. ಬಲಂ ಸೀಮೆ ಅಂತ ಹೆಸರು. ಐಗೂರಿನ ಪಾಳೆಯಗಾರರ ಆಳ್ವಿಕೆ.

ಊರಿಂದ ಮಂಗಳೂರು ಕಡೆಗೆ ಸ್ವಲ್ಪ ದೂರ ಹೋದರೆ ಹೆದ್ದಾರಿಯ ಪಕ್ಕದಲ್ಲೇ ಮಂಜರಾಬಾದ್ ಕೋಟೆ. ಮೆಟ್ಟಿಲು ಹತ್ತಿ ಕಮಾನು ದಾಟಿದರೆ ಗೋಡೆಗಳು ಮೂಲೆ ಮೂಲೆಗೆ ಚೂಪಾಗಿ ಚಾಚಿಕೊಂಡಿವೆ. ಕೆಳಗೆ ನಿಂತವರಿಗೆ ಇದೊಂದು ಸಾಮಾನ್ಯ ಕಲ್ಲುಕೋಟೆ. ಮೇಲಿನಿಂದ ತೆಗೆದ ಪಟದಲ್ಲಿ ಮಾತ್ರ ಎಂಟು ಮೂಲೆಯ ನಕ್ಷತ್ರ. ನಡುವೆ ಮೆಟ್ಟಿಲಿಳಿದು ಹೋಗುವ ಕೊಳ, ಪಕ್ಕದಲ್ಲಿ ಮದ್ದಿನ ಮನೆಗಳು. ಒಳಗೆ ಕಾಲಿಟ್ಟರೆ ಬೇಸಗೆಯಲ್ಲೂ ತಂಪು. ಈಗ ಅಲ್ಲಿ ಕಾಲೇಜು ಹುಡುಗರು ರೀಲ್ಸ್ ಮಾಡುತ್ತಾರೆ, ಒಬ್ಬ ಗೋಡೆಯ ಮೇಲೆ ನಿಂತು ಕೈ ಚಾಚುತ್ತಾನೆ, ಇನ್ನೊಬ್ಬ ಫೋನ್ ಹಿಡಿಯುತ್ತಾನೆ. ಟಿಪ್ಪು ಇದನ್ನು 1792ರ ಸುಮಾರಿಗೆ ಕಟ್ಟಿಸಿದ. ಕಡಲತೀರದಿಂದ ಶ್ರೀರಂಗಪಟ್ಟಣಕ್ಕೆ ಹತ್ತುವ ದಾರಿಯ ಮೇಲೆ ಕಣ್ಣಿಡುವುದು ಒಂದು ಕಾರಣ, ಐಗೂರಿನವರ ಮೇಲೆ ಕಣ್ಣಿಡುವುದು ಇನ್ನೊಂದು. ಅವನ ಅನುಮಾನ ಸುಳ್ಳಲ್ಲ: ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಈಸ್ಟ್ ಇಂಡಿಯಾ ಕಂಪನಿಯ ಕಡೆ ಸೇರಿದ್ದ.

ಅದೇ ಕಂಪನಿ ಹತ್ತು ವರ್ಷದಲ್ಲಿ ಅವರ ಮನೆತನವನ್ನು ಮುಗಿಸಿತು. ಟಿಪ್ಪು 1799ರಲ್ಲಿ ಸತ್ತ ಮೇಲೆ ಐಗೂರಿನ ಪಾಳೆಯಗಾರ ಯಾರಿಗೂ ತಲೆಬಾಗಲಿಲ್ಲ. ಬಿಸಿಲೆ ಘಾಟಿಯ ದಾರಿ ಅವನ ಕೈಯಲ್ಲಿತ್ತು. ಕೆನರಾ ಸೀಮೆಗೆ ಹೋಗುವ ಕಂಪನಿಯ ಟಪಾಲು, ದವಸ, ದಂಡು ಎಲ್ಲಕ್ಕೂ ಅಲ್ಲೇ ಅಡ್ಡಿ. ಮೊದಲು ಕಳಿಸಿದ ಪಡೆಗಳಿಗೆ ಅವನನ್ನು ಹಿಡಿಯಲಾಗಲಿಲ್ಲ. ಕೊನೆಗೆ ಶ್ರೀರಂಗಪಟ್ಟಣದಿಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತಾನೇ ಹೊರಟ. ವಯಸ್ಸು ಮೂವತ್ತೆರಡು. ಜೊತೆಗೆ ದಿವಾನ್ ಪೂರ್ಣಯ್ಯನವರು ಮತ್ತು ಮೈಸೂರಿನ ಕುದುರೆ ದಂಡು. ಒಣಹವೆ ಬರುವ ತನಕ ಕಾದು, ಜನವರಿ 16ರಂದು ಅರಕೆರೆಯ ಕಾಡುಕೋಟೆಯ ಮೇಲೆ ಒಮ್ಮೆಗೇ ಮೂರು ಕಡೆಯಿಂದ ಬಿದ್ದರು. ಆಮೇಲೆ ಕಾಡು ಕಡಿದರು, ದಾರಿ ಬಿಡಿಸಿದರು, ಹಳ್ಳಿಗಳ ಬೇಲಿ ಕಿತ್ತರು. ಪಾಳೆಯಗಾರ ಫೆಬ್ರುವರಿಯಲ್ಲಿ ಸಿಕ್ಕಿಬಿದ್ದ. ಮರುದಿನ ಅವನನ್ನೂ ಅವನ ಜೊತೆಯ ಆರು ಮಂದಿಯನ್ನೂ ನೇಣಿಗೆ ಹಾಕಿದರು.

ಹಿಡಿದದ್ದಕ್ಕೂ ನೇಣಿಗೂ ನಡುವೆ ಒಂದೇ ರಾತ್ರಿ. ಆ ರಾತ್ರಿಯಲ್ಲಿ ಎಂಥ ವಿಚಾರಣೆ ನಡೆದೀತು? ಬರೆದಿಟ್ಟವರಲ್ಲಿ ಕೆಲವರು ಅವನನ್ನು ಕೃಷ್ಣಪ್ಪ ನಾಯಕ ಎಂದಿದ್ದಾರೆ, ರೈಸ್ ಸಾಹೇಬರ ಗೆಜೆಟಿಯರ್ ಅವನ ಮಗ ವೆಂಕಟಾದ್ರಿ ಎನ್ನುತ್ತದೆ. ದೊರೆಯ ಗತಿಯೇ ಹೀಗಾದರೆ ಉಳಿದ ಆರು ಮಂದಿಯದು ಕೇಳುವುದೇ ಬೇಡ. ನಾನು ಓದಿದಲ್ಲೆಲ್ಲ ಅವರು ಬರೀ ಒಂದು ಅಂಕಿ.

ಐಗೂರಿನಿಂದ ಯಸಳೂರು, ಹೆತ್ತೂರು, ವಣಗೂರು ಹಿಡಿದು ಬಿಸಿಲೆಗೆ ಹೋಗುವ ದಾರಿ ಈಗ ಬೈಕ್ ಸವಾರರಿಗೆ ಪ್ರಿಯ. ಕಾಫಿ ಕಡಿಮೆಯಾಗುತ್ತ ಏಲಕ್ಕಿ, ಅದೂ ಮುಗಿದು ಬರೀ ಕಾಡು. ತಿರುವಿನಲ್ಲಿ ಆನೆ ಲದ್ದಿ ಇನ್ನೂ ಹಸಿಯಾಗಿದ್ದರೆ ಸವಾರರು ಹಾರನ್ ಹೊಡೆಯುವುದನ್ನು ನಿಲ್ಲಿಸುತ್ತಾರೆ. ಬಿಸಿಲೆಯ ವೀಕ್ಷಣಾ ಜಾಗದಲ್ಲಿ ಮಂಜು ಸರಿದರೆ ಕುಮಾರಪರ್ವತದ ಸಾಲು ಎದುರಿಗೇ ಎದ್ದು ನಿಲ್ಲುತ್ತದೆ, ಪಾದದಲ್ಲಿ ತಳ ಕಾಣದ ಕಣಿವೆ. ಇಲ್ಲಿ ನಿಂತು ನೋಡಿದರೆ ನಾಲ್ಕು ಜನ ಕೋವಿಯವರು ಒಂದು ದಂಡನ್ನು ಹೇಗೆ ತಡೆದಾರು ಎಂಬುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಕಾಡನ್ನೇ ಯಾಕೆ ಕಡಿಸಿದರು ಎಂಬುದೂ.

ದಶಕಗಳು ಕಳೆದ ಮೇಲೂ ಹಳೇ ಕೊಲೆಗಳ ವಿಚಾರಣೆ ನಡೆಸುವ ಜರ್ಮನಿಯ ಸುದ್ದಿ ನನ್ನನ್ನು ಕಾಡಿದ್ದು ಈ ದಾರಿಯಲ್ಲೇ. ಅಲ್ಲಿ ಕೊಲೆಗೆ ಕಾಲಮಿತಿಯಿಲ್ಲವೆಂದು 1979ರಲ್ಲಿ ಕಾನೂನು ಮಾಡಿಕೊಂಡರು. ಆದರೂ ನಾಜಿ ಶಿಬಿರಗಳ ಸಣ್ಣಪುಟ್ಟ ನೌಕರರು ಆರಾಮಾಗಿ ಪಿಂಚಣಿ ತಿಂದುಕೊಂಡಿದ್ದರು. ಇಂಥವನನ್ನು ಇವನೇ ಕೊಂದ ಎಂದು ತೋರಿಸಿದರೆ ಮಾತ್ರ ಶಿಕ್ಷೆ ಎಂಬ ವಾದ ಅವರನ್ನು ಕಾಯುತ್ತಿತ್ತು. 2011ರಲ್ಲಿ ಡೆಮ್ಯಾನ್ಯುಕ್ ಎಂಬ ಕಾವಲುಗಾರನ ಮೊಕದ್ದಮೆಯಲ್ಲಿ ಮ್ಯೂನಿಕ್ ನ್ಯಾಯಾಲಯ ಅದನ್ನು ತಿರುಗಿಸಿತು: ಕೊಲ್ಲುವುದೇ ಕೆಲಸವಾಗಿದ್ದ ಶಿಬಿರದಲ್ಲಿ ಕಾವಲು ನಿಂತದ್ದೂ ಕೊಲೆಗೆ ನೆರವು. ಅಲ್ಲಿಂದ ಶುರುವಾಯಿತು ನೋಡಿ, ತೊಂಬತ್ತು ದಾಟಿದವರ ಮೆರವಣಿಗೆ. ಶಿಬಿರದ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದ ಇರ್ಮ್‌ಗಾರ್ಡ್ ಫುರ್ಚ್‌ನರ್ ವಿಚಾರಣೆಯ ಮೊದಲ ದಿನವೇ ವೃದ್ಧಾಶ್ರಮದಿಂದ ಟ್ಯಾಕ್ಸಿ ಹತ್ತಿ ಪರಾರಿ. ಆಗ ಆಕೆಗೆ 96. ಕೆಲವೇ ಗಂಟೆಯಲ್ಲಿ ಹಿಡಿದು ತಂದರು. ಅಪರಾಧದ ಕಾಲಕ್ಕೆ ಹದಿನೆಂಟು ಹತ್ತೊಂಬತ್ತರ ಹುಡುಗಿಯಾಗಿದ್ದಳೆಂದು ಆ ಅಜ್ಜಿಯನ್ನು ಬಾಲಾಪರಾಧಿಗಳ ಪೀಠದ ಮುಂದೆ ಕೂರಿಸಿದರು. 2022ರ ಡಿಸೆಂಬರಿನಲ್ಲಿ ಹತ್ತು ಸಾವಿರಕ್ಕೂ ಮೀರಿದ ಕೊಲೆಗಳಿಗೆ ನೆರವಾದಳೆಂದು ತೀರ್ಪು. ಶಿಕ್ಷೆ ಎರಡು ವರ್ಷ, ಅದೂ ಅಮಾನತಿನಲ್ಲಿ. ಅದೇ ವರ್ಷ ಯೋಸೆಫ್ ಶ್ಯುಟ್ಸ್ ಎಂಬ 101ರ ಮುದುಕನಿಗೆ ಐದು ವರ್ಷ ಹಾಕಿದರು. ಜೈಲಿನ ಬಾಗಿಲು ಕಾಣುವ ಮೊದಲೇ ಸತ್ತ.

ಸಾಯುವ ಕಾಲಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಆ ಕೋಣೆಗಳಿಗೆ ಬದುಕುಳಿದವರು ಬಂದರು, ಅವರ ಮಕ್ಕಳು ಬಂದರು, ಅಪ್ಪನ ಹೆಸರು, ಅಕ್ಕನ ಹೆಸರು, ಹೊರಟ ಊರು, ರೈಲು ಇಳಿದ ದಿನ ಎಲ್ಲ ಹೇಳಿದರು, ಅದು ನ್ಯಾಯಾಲಯದ ಕಾಗದಕ್ಕೆ ಇಳಿಯಿತು. ಮುದುಕನ ಐದು ವರ್ಷಕ್ಕಿಂತ ಅದೇ ಹೆಚ್ಚಿನದು ಎಂಬುದು ಈಗ ನನ್ನ ಎಣಿಕೆ.

ನಮ್ಮಲ್ಲಿಯೂ ಘೋರ ಅಪರಾಧಕ್ಕೆ ಕಾಲಮಿತಿಯಿಲ್ಲ. ಯುದ್ಧಾಪರಾಧಕ್ಕೆ ಕಾಲಮಿತಿ ಇರಕೂಡದೆಂಬ ವಿಶ್ವಸಂಸ್ಥೆಯ 1968ರ ಒಪ್ಪಂದಕ್ಕೆ ಭಾರತ 1971ರಲ್ಲೇ ಸೇರಿತು. ಅದೇ ವರ್ಷದ ಬಾಂಗ್ಲಾ ಯುದ್ಧದಲ್ಲಿ ಅಂಥದೇ ಆರೋಪ ಹೊತ್ತ 195 ಮಂದಿ ಪಾಕಿಸ್ತಾನಿ ಸೇನೆಯವರನ್ನು ಮಾತ್ರ 1974ರಲ್ಲಿ, ದಿಲ್ಲಿಯ ಒಪ್ಪಂದದಂತೆ, ವಿಚಾರಣೆಯಿಲ್ಲದೆ ಬಿಟ್ಟುಕಳಿಸಲಾಯಿತು. ಇತ್ತ ನಮ್ಮ ಬೀದರ್ ಪೊಲೀಸರು 2023ರಲ್ಲಿ ಎಪ್ಪತ್ತೆಂಟರ ಒಬ್ಬ ಅಜ್ಜನನ್ನು ಮಹಾರಾಷ್ಟ್ರದಿಂದ ಹಿಡಿದು ತಂದರು. ಆತನ ಮೇಲಿದ್ದ ಆರೋಪ: 1965ರಲ್ಲಿ ಎರಡು ಎಮ್ಮೆ, ಒಂದು ಕರು ಕದ್ದದ್ದು. ಮನಸ್ಸಿದ್ದರೆ ಹಳೇ ವಾರಂಟಿಗೂ ಕಾಲು ಬರುತ್ತದೆ.

ವೆಲ್ಲೆಸ್ಲಿಯ ಮೇಲೆ ಯಾರೂ ವಾರಂಟ್ ಬರೆಯಲಿಲ್ಲ. ವಾಟರ್ಲೂ ಗೆದ್ದು, ವೆಲಿಂಗ್ಟನ್ನಿನ ಡ್ಯೂಕ್ ಆಗಿ, ಪ್ರಧಾನಿಯೂ ಆಗಿ, 1852ರಲ್ಲಿ 83ನೇ ವಯಸ್ಸಿಗೆ ಕಡಲ ಬದಿಯ ಕೋಟೆಯೊಂದರಲ್ಲಿ ತನ್ನ ಕುರ್ಚಿಯಲ್ಲೇ ತೀರಿಕೊಂಡ. ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಶವಯಾತ್ರೆ ನೋಡಲು ನಿಂತರು. ಅವನನ್ನು ಕಾಪಾಡಿದ್ದು ಮುಪ್ಪಲ್ಲ. ಗೆದ್ದವನ ಮೇಲೆ ಫಿರ್ಯಾದು ತೆಗೆದುಕೊಳ್ಳುವ ಠಾಣೆ ಆಗಲೂ ಇರಲಿಲ್ಲ.

ಆಲೂರಿನ ಕಡೆ ಬೆಟ್ಟ ಸೌಮ್ಯವಾಗುತ್ತದೆ. ಕೆಂಚಮ್ಮನ ಹೊಸಕೋಟೆಯ ಸುತ್ತ ಗದ್ದೆಯ ಕೂಳೆ, ಅಂಚಿಗೆ ರೊಬಸ್ಟಾ, ಬೇಲಿಗೆ ಆನೆ ತಡೆಯುವ ತಂತಿ. ಅಲ್ಲೊಂದು ಚಹಾದಂಗಡಿ. ಕಾಫಿ ಬೆಳೆಯುವ ಸೀಮೆಯ ಅಂಗಡಿಯಲ್ಲಿ ಚಹಾವೇ ಹೆಚ್ಚು ಖರ್ಚಾಗುವುದು ಯಾಕೋ ನನಗೆ ಇನ್ನೂ ಬಗೆಹರಿದಿಲ್ಲ. ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಪಾಳೆಯಗಾರನ ಕತೆಯನ್ನೂ ಜರ್ಮನಿಯ ಅಜ್ಜಿಯ ಕತೆಯನ್ನೂ ಹೇಳಿದೆ. ಟ್ಯಾಕ್ಸಿಯ ವಿಷಯಕ್ಕೆ ಜೋರಾಗಿ ನಕ್ಕರು. ಭೂಮಿ ವ್ಯಾಜ್ಯವೊಂದಕ್ಕೆ ಕೋರ್ಟಿಗೆ ಅಲೆದು ಅಲೆದು ಕಾನೂನು ಕಲಿತವರು.

"ಈಗ ಕೇಸ್ ಹಾಕೋದಾದ್ರೆ ಒಂದನೇ ಪ್ರತಿವಾದಿ ಯಾರು ಸ್ವಾಮಿ?"

"ವೆಲ್ಲೆಸ್ಲಿ. ಸತ್ತು ನೂರೆಪ್ಪತ್ತು ವರ್ಷ ದಾಟಿತು."

"ಎರಡನೇದು?"

"ಕಂಪನಿ. ಅದನ್ನೂ 1874ರಲ್ಲಿ ಮುಚ್ಚಿದ್ರು ಗೌಡ್ರೇ."

ಅವರು ಲೋಟ ಕೆಳಗಿಟ್ಟರು. "ದಿವಾನ್ರೂ ಜೊತೇಲಿದ್ರು ಅಂದ್ರಲ್ಲ? ಮೂರನೇ ಪ್ರತಿವಾದಿ ಪೂರ್ಣಯ್ಯನೋರು. ಅವ್ರ ಹೆಸರು ಯಾಕೆ ಬಿಡ್ತೀರಿ?"