ತೊಟ್ಟಿಲ ಬಳಿಗೆ ಬರುವ ಸರ್ಕಾರ

ಡಬ್ಲಿನ್‌ನಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಮೇನೂತ್, ಕಿಲ್ಡೇರ್ ಕೌಂಟಿಯ ವಿಶ್ವವಿದ್ಯಾಲಯದ ಊರು. ಅಲ್ಲಿನ ಬಾಣಂತಿಯೊಬ್ಬಳು ಆಸ್ಪತ್ರೆಯಿಂದ ಮನೆಗೆ ಮರಳಿದ ಮೂರು ದಿನಗಳೊಳಗೆ ಪಬ್ಲಿಕ್ ಹೆಲ್ತ್ ನರ್ಸ್ ಬಂದು ತಾಯಿ–ಮಗುವನ್ನು ನೋಡಬೇಕು. ಐರ್ಲೆಂಡಿನಾದ್ಯಂತ ಇದೇ ಪದ್ಧತಿ. ಬಡವರು–ಉಳ್ಳವರೆಂಬ ಭೇದವಿಲ್ಲ, ಶುಲ್ಕವೂ ಇಲ್ಲ.

ಆಮೇಲೇನು? ಮೇನೂತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಶಿನೇಡ್ ಮೆಕ್‌ಗಿಲೋವೇ ಅವರ ತಂಡ ‘ಎನ್‌ರಿಚ್’ ಸಂಶೋಧನೆಯಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಮಗುವಿಗೆ ಎರಡು ವರ್ಷವಾಗುವವರೆಗೂ ಹೆತ್ತವರ ಜೊತೆಗಿರುವ ಕಾರ್ಯಕ್ರಮವೊಂದನ್ನು ಇದೇ ನರ್ಸ್‌ಗಳ ನೆರವಿನಿಂದ ನಡೆಸಿದರೆ ಫಲವೆಷ್ಟು, ಖರ್ಚೆಷ್ಟು ಎಂದು ತೂಗಿ ನೋಡಿತು.

ಐರ್ಲೆಂಡಿನಲ್ಲಿ ಈ ಹುಡುಕಾಟ ಹಳೆಯದು. 1980ರ ದಶಕದಲ್ಲಿ ಡಬ್ಲಿನ್‌ನಲ್ಲಿ ‘ಕಮ್ಯುನಿಟಿ ಮದರ್ಸ್’ ಶುರುವಾಯಿತು. ಮಕ್ಕಳನ್ನು ಬೆಳೆಸಿ ಅನುಭವವಿದ್ದ ಅದೇ ಕೇರಿಯ ಹೆಂಗಸರು ಚೊಚ್ಚಲ ಬಾಣಂತಿಯರ ಮನೆಗೆ ಮೊದಲ ವರ್ಷವಿಡೀ ತಿಂಗಳಿಗೊಮ್ಮೆ ಹೋಗುತ್ತಿದ್ದರು. 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಇದರ ಫಲವನ್ನು ದಾಖಲಿಸಿತು: ಅಂಥ ಮನೆಗಳಲ್ಲಿ ಲಸಿಕೆ ಪೂರ್ತಿಯಾದ ಮಕ್ಕಳೂ, ದಿನಾ ಪುಸ್ತಕ ಓದಿಸಿಕೊಳ್ಳುವ ಮಕ್ಕಳೂ ಹೆಚ್ಚು.

ಉತ್ತರ ಡಬ್ಲಿನ್‌ನ ಹಿಂದುಳಿದ ಬಡಾವಣೆಗಳಲ್ಲಿ 2008ರಲ್ಲಿ ಆರಂಭವಾದ ‘ಪ್ರಿಪೇರಿಂಗ್ ಫಾರ್ ಲೈಫ್’ ಇನ್ನೂ ಮುಂದೆ ಹೋಯಿತು. ಗರ್ಭಿಣಿಯಿದ್ದಾಗಲೇ ಶುರುವಾದ ಭೇಟಿಗಳು ಮಗು ಶಾಲೆಗೆ ಸೇರುವವರೆಗೂ ನಡೆದವು. ಅರ್ಥಶಾಸ್ತ್ರಜ್ಞೆ ಓರ್ಲಾ ಡಾಯ್ಲ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಮಕ್ಕಳ ಬುದ್ಧಿಶಕ್ತಿಯ ಅಂಕಗಳು ಗಣನೀಯವಾಗಿ ಏರಿದ್ದವು, ನಡವಳಿಕೆಯೂ ಸುಧಾರಿಸಿತ್ತು. 2018ರಲ್ಲಿ ಸರ್ಕಾರ ಪ್ರಕಟಿಸಿದ ‘ಫಸ್ಟ್ 5’ ಹತ್ತು ವರ್ಷದ ನೀತಿಯಲ್ಲಿ ಮನೆಭೇಟಿಗೂ ಜಾಗ ಸಿಕ್ಕಿತು.

ಇದನ್ನೋದುವ ಕನ್ನಡಿಗರಿಗೆ ನಮ್ಮ ಆಶಾ ಕಾರ್ಯಕರ್ತೆ ನೆನಪಾಗದೆ ಇರಲಾರಳು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯರಾದ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿದ್ದನ್ನು 1999ರಲ್ಲೇ ಲ್ಯಾನ್ಸೆಟ್ ಪ್ರಕಟಿಸಿತ್ತು. ಅದೇ ದಾರಿಯಲ್ಲಿ 2011ರಿಂದ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. 2018ರ ಯೋಜನೆ 3ರಿಂದ 15 ತಿಂಗಳವರೆಗೆ ಇನ್ನೂ ಐದು ಭೇಟಿ ಸೇರಿಸಿತು. ಇನ್ನು ಅಂಗನವಾಡಿಯಂತೂ 1975ರಲ್ಲೇ ಟಿ. ನರಸೀಪುರದ ಮೂಲಕ ಕರ್ನಾಟಕಕ್ಕೆ ಬಂದಿದೆ.

ಅಂದರೆ ಕಾಗದದ ಮೇಲೆ ನಮ್ಮ ವೇಳಾಪಟ್ಟಿ ಐರ್ಲೆಂಡಿಗಿಂತ ಬಡವಾಗಿಲ್ಲ. ಬಡವಾಗಿರುವುದು ಹೋಗುವವಳ ಕೈಗೆ ಸಿಗುವ ಹಣ ಮತ್ತು ಸಮಯ. ಸಮೀಕ್ಷೆ, ಆ್ಯಪ್, ರಿಜಿಸ್ಟರುಗಳ ನಡುವೆ ಮನೆಭೇಟಿ ತೂಕ ನೋಡಿ, ಟಿಕ್ ಹಾಕಿ ಹೊರಡುವ ಕೆಲಸವಾದರೆ ಮಗುವಿನೊಂದಿಗೆ ಮಾತು, ಆಟ, ಕಥೆಯ ಬಗ್ಗೆ ತಾಯಿಗೆ ಹೇಳುವವರಾರು? 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತ ಮೇಲಷ್ಟೇ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು.

ಡಬ್ಲಿನ್‌ನ ಅನುಭವ ಹೇಳುವುದು ಇಷ್ಟೇ: ಫಲ ಕೊಟ್ಟದ್ದು ಒಬ್ಬಳೇ ವ್ಯಕ್ತಿ ವರ್ಷಗಟ್ಟಲೆ, ಬಿಡುವಾಗಿ, ನಂಬಿಕೆಯಿಂದ ಬಂದುಹೋದ ಭೇಟಿ. ಕರ್ನಾಟಕ ಹೊಸ ಯೋಜನೆಯನ್ನೇನೂ ಹುಡುಕಬೇಕಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಮೇಲಿನ ಇತರ ಹೊರೆ ಇಳಿಸಿ, ನ್ಯಾಯವಾದ ಸಂಬಳ ಕೊಟ್ಟು, ಮನೆಯೊಳಗೆ ಒಂದು ಗಂಟೆ ಕೂರುವ ಬಿಡುವು ಕೊಡಲಿ.